ವಿಶ್ವಾಸಿಯು ರಕ್ಷಣೆಯನ್ನು ಕಳೆದುಕೊಳ್ಳಬಲ್ಲನೇ? ಇಬ್ರಿಯ 6:4-6ರ ಬೆಳಕಿನಲ್ಲಿ ಒಂದು ವಿವೇಚನೆ

ಪೀಠಿಕೆ

ಒಮ್ಮೆ ಕ್ರಿಸ್ತನಲ್ಲಿ ನಂಬಿಕೆಯಿಟ್ಟು ಪಾಪಕ್ಷಮಾಪಣೆಯನ್ನು ಹೊಂದಿದವನು ಮುಂದೆ ಬಿದ್ದುಹೋಗಿ ನಾಶವಾಗಬಹುದೇ ಎಂಬ ಪ್ರಶ್ನೆ ಕ್ರೈಸ್ತ ಸಭೆಯಷ್ಟೇ ಹಳೆಯದು. ದೈವಶಾಸ್ತ್ರದ ತರಗತಿಯಲ್ಲಿ ಇದು ಕ್ಯಾಲ್ವಿನನ ಅನುಯಾಯಿಗಳಿಗೂ ಅರ್ಮಿನಿಯಸನ ಅನುಯಾಯಿಗಳಿಗೂ ನಡುವಣ ವಾದವಾಗಿ ಕಾಣಿಸಿಕೊಳ್ಳುತ್ತದೆ. ಸಭಾಪಾಲನೆಯಲ್ಲಿ ಅದರ ರೂಪ ಬೇರೆ. ತಾನು ಕ್ಷಮೆಯಿಲ್ಲದ ಪಾಪವನ್ನು ಮಾಡಿದೆನೆಂದು ರಾತ್ರಿಯೆಲ್ಲ ನಿದ್ರೆಯಿಲ್ಲದೆ ತಳಮಳಿಸುವ ವೃದ್ಧೆ, ಪ್ರತಿ ವರ್ಷದ ಉಜ್ಜೀವನ ಕೂಟದಲ್ಲಿಯೂ ಎದ್ದು ಮುಂದೆ ಬಂದು ಹೊಸದಾಗಿ ರಕ್ಷಣೆ ಹೊಂದಲು ಬಯಸುವ ಯುವಕ, ಬಂಧುಗಳ ಒತ್ತಾಯಕ್ಕೆ ಮಣಿದು ಸಭೆಯನ್ನು ಬಿಟ್ಟು ಹತ್ತು ವರ್ಷಗಳ ಬಳಿಕ ಬಾಗಿಲಲ್ಲಿ ಬಂದು ನಿಲ್ಲುವ ಕುಟುಂಬ, ನಂಬಿಕೆಯನ್ನು ತೊರೆದು ತೀರಿಕೊಂಡ ಮಗನಿಗಾಗಿ ಅಳುವ ತಂದೆ: ಇವರೆಲ್ಲರೂ ಸಭಾಪಾಲಕರ ಮುಂದಿಡುವ ಪ್ರಶ್ನೆ ಒಂದೇ. ನಾವು ಕೊಡುವ ಉತ್ತರವು ಒಬ್ಬನನ್ನು ಹತಾಶೆಗೆ ತಳ್ಳಲೂಬಹುದು, ಮತ್ತೊಬ್ಬನನ್ನು ಸುಳ್ಳು ನೆಮ್ಮದಿಯಲ್ಲಿ ಮಲಗಿಸಲೂಬಹುದು. ಆದಕಾರಣ ಈ ವಿಷಯದಲ್ಲಿ ಸತ್ಯವೇದವು ಹೇಳುವುದನ್ನೂ ಸಭೆಯು ಚರಿತ್ರೆಯಲ್ಲಿ ಕಲಿತದ್ದನ್ನೂ ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಈ ವಾದದಲ್ಲಿ ಅತ್ಯಂತ ಕಠಿಣವೆನಿಸಿರುವ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವೇ ನಮ್ಮ ವಿವೇಚನೆಯ ಕೇಂದ್ರ.

ಪ್ರಶ್ನೆಯ ಪದಗಳು

ಮೊದಲು ಪ್ರಶ್ನೆಯಲ್ಲಿರುವ ಎರಡು ಪದಗಳನ್ನು ಗಮನಿಸೋಣ. ಒಂದನೆಯದು ‘ರಕ್ಷಣೆ’. ಹೊಸ ಒಡಂಬಡಿಕೆಯು ಈ ಪದವನ್ನು ಮೂರು ಕಾಲಗಳಲ್ಲಿ ಬಳಸುತ್ತದೆ. ಎಫೆಸ 2:8ರಲ್ಲಿ ರಕ್ಷಣೆಯು ಈಗಾಗಲೇ ಆಗಿರುವ ಕಾರ್ಯ. 1 ಕೊರಿಂಥ 1:18ರಲ್ಲಿ ಅದು ನಡೆಯುತ್ತಿರುವ ಕಾರ್ಯ. ರೋಮಾಪುರ 5:9-10ರಲ್ಲಿಯೂ 13:11ರಲ್ಲಿಯೂ ಅದು ಇನ್ನೂ ಬರಬೇಕಾದದ್ದು. ಈ ಮೂರರಲ್ಲಿ ಒಂದನ್ನೇ ಹಿಡಿದು ಮಿಕ್ಕವನ್ನು ಬಿಟ್ಟುಬಿಟ್ಟರೆ ಉತ್ತರವು ಸುಲಭವಾಗಿ ತೋರುತ್ತದೆ, ಆದರೆ ಆ ಸುಲಭತೆಯು ಅಪೊಸ್ತಲರದ್ದಲ್ಲ.

ಎರಡನೆಯದು ‘ಕಳೆದುಕೊಳ್ಳುವುದು’. ಬೀಗದ ಕೈಯನ್ನೋ ಹಣವನ್ನೋ ಅಜಾಗ್ರತೆಯಿಂದ ಕಳೆದುಕೊಳ್ಳುವಂತೆ ರಕ್ಷಣೆಯನ್ನು ಕಳೆದುಕೊಳ್ಳುವ ಮಾತು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಅಲ್ಲಿ ಕಳೆದುಹೋಗುವುದು ರಕ್ಷಣೆಯಲ್ಲ, ಮನುಷ್ಯನು. ಲೂಕ 15ರಲ್ಲಿ ಕುರಿ ಕಳೆದುಹೋಗುತ್ತದೆ, ಪಾವಲಿ ಕಳೆದುಹೋಗುತ್ತದೆ, ಮಗನು ಕಳೆದುಹೋಗುತ್ತಾನೆ. ಕಳೆದುಹೋದದ್ದನ್ನು ಹುಡುಕುವವನು ಒಬ್ಬನಿದ್ದಾನೆ. ಎಚ್ಚರಿಕೆಯ ವಾಕ್ಯಗಳು ಬಳಸುವ ಕ್ರಿಯಾಪದಗಳಾದರೋ ಬೀಳುವುದು, ತೊಲಗುವುದು, ಅಲ್ಲಗಳೆಯುವುದು, ತುಳಿಯುವುದು ಎಂಬಂಥವು. ಇವು ಮರೆವಿನಿಂದ ಆಗುವ ನಷ್ಟವನ್ನಲ್ಲ, ಒಬ್ಬ ವ್ಯಕ್ತಿಯಿಂದ ವಿಮುಖವಾಗುವ ನಡತೆಯನ್ನು ಸೂಚಿಸುತ್ತವೆ. ರಕ್ಷಣೆಯೆಂಬುದು ಪೆಟ್ಟಿಗೆಯಲ್ಲಿಡುವ ವಸ್ತುವಲ್ಲ; ಅದು ಕ್ರಿಸ್ತನೊಡನೆ ಇರುವ ಅನ್ಯೋನ್ಯತೆ. ಹೀಗೆ ತಿಳಿದುಕೊಂಡಾಗ, ದಿನನಿತ್ಯದ ಬಲಹೀನತೆಯ ಪಾಪಗಳಿಂದ ತನ್ನ ರಕ್ಷಣೆ ಯಾವಾಗ ಕೈಜಾರಿತೋ ಎಂದು ನಡುಗುವವನ ಭಯಕ್ಕೆ ಸತ್ಯವೇದದ ಎಚ್ಚರಿಕೆಗಳಲ್ಲಿ ಆಧಾರವಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ವಾಗ್ದಾನಗಳು ಮತ್ತು ಎಚ್ಚರಿಕೆಗಳು

ಕಾಪಾಡುವ ದೇವರ ವಾಗ್ದಾನಗಳು ಬಲವಾಗಿವೆ. ಯೋಹಾನ 10:27-29ರಲ್ಲಿ ಕುರುಬನು ತನ್ನ ಕುರಿಗಳನ್ನು ತನ್ನ ಕೈಯೊಳಗಿಂದಾಗಲಿ ತಂದೆಯ ಕೈಯೊಳಗಿಂದಾಗಲಿ ಯಾರೂ ಕಸಿದುಕೊಳ್ಳಲಾರರೆಂದು ಹೇಳುತ್ತಾನೆ. ರೋಮಾಪುರ 8:29-30ರಲ್ಲಿ ಪೌಲನು ದೇವರ ಮುನ್ನರಿವಿನಿಂದ ಮಹಿಮೆಯ ತನಕ ಒಂದೂ ಕೊಂಡಿ ಬಿಡದ ಸರಪಳಿಯನ್ನು ಮುಂದಿಡುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ ಸೃಷ್ಟಿಯಲ್ಲಿರುವ ಯಾವುದೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದೆಂದು ಸಾರುತ್ತಾನೆ. ಫಿಲಿಪ್ಪಿ 1:6, 1 ಪೇತ್ರ 1:5 ಇವುಗಳೂ ಇದೇ ಸಾಲಿಗೆ ಸೇರುತ್ತವೆ.

ಎಚ್ಚರಿಕೆಗಳೂ ಅಷ್ಟೇ ಬಲವಾಗಿವೆ. ದ್ರಾಕ್ಷೇಬಳ್ಳಿಯಲ್ಲಿ ನೆಲೆಗೊಳ್ಳದ ಕೊಂಬೆ ಬೆಂಕಿಯ ಪಾಲಾಗುತ್ತದೆ (ಯೋಹಾನ 15:6). ಇತರರಿಗೆ ಸಾರಿದ ಅಪೊಸ್ತಲನೇ ತಾನು ಅಯೋಗ್ಯನೆನಿಸಿಕೊಳ್ಳದಂತೆ ತನ್ನ ದೇಹವನ್ನು ಅಧೀನಪಡಿಸಿಕೊಳ್ಳುತ್ತಾನೆ (1 ಕೊರಿಂಥ 9:27). ಧರ್ಮಶಾಸ್ತ್ರದಿಂದ ನೀತಿವಂತರಾಗಲು ಹೊರಟ ಗಲಾತ್ಯದವರು ಕೃಪೆಯಿಂದ ಬಿದ್ದವರೆನಿಸಿಕೊಳ್ಳುತ್ತಾರೆ (ಗಲಾತ್ಯ 5:4). 2 ಪೇತ್ರ 2:20-22 ಮತ್ತು ಇಬ್ರಿಯ 10:26-31 ಇವನ್ನು ಓದಿ ಹಗುರವಾಗಿ ಮುಂದೆ ಸಾಗಲು ಯಾವ ಬೋಧಕನಿಗೂ ಸಾಧ್ಯವಾಗದು.

ಈ ಎರಡು ಸಾಲುಗಳು ಬೇರೆ ಬೇರೆ ಲೇಖಕರಿಗೆ ಸೇರಿದವುಗಳಾಗಿದ್ದರೆ, ಒಬ್ಬರನ್ನು ಇನ್ನೊಬ್ಬರಿಗೆ ಎದುರಾಗಿ ನಿಲ್ಲಿಸಬಹುದಾಗಿತ್ತು. ಆದರೆ ಹಾಗಿಲ್ಲ. ಒಬ್ಬನೇ ಯೋಹಾನನು ಕುರುಬನ ಕೈಯನ್ನೂ ಒಣಗಿದ ಕೊಂಬೆಯನ್ನೂ ಬರೆದಿದ್ದಾನೆ. ಒಬ್ಬನೇ ಪೌಲನು ರೋಮಾಪುರ 8ನ್ನೂ 11:20-22ನ್ನೂ ಬರೆದಿದ್ದಾನೆ. ಚಿಕ್ಕದಾದ ಯೂದನ ಪತ್ರಿಕೆಯಲ್ಲಿ 21ನೆಯ ವಚನವು ದೇವರ ಪ್ರೀತಿಯಲ್ಲಿ ನಿಮ್ಮನ್ನು ನೀವೇ ಕಾಪಾಡಿಕೊಳ್ಳಿರೆಂದು ಆಜ್ಞಾಪಿಸಿದರೆ, 24ನೆಯ ವಚನವು ಎಡವದಂತೆ ನಿಮ್ಮನ್ನು ಕಾಪಾಡಲು ಶಕ್ತನಾದವನನ್ನು ಕೊಂಡಾಡುತ್ತದೆ. ಆದುದರಿಂದ ನಮ್ಮ ಕೆಲಸ ಒಂದು ಸಾಲಿನಿಂದ ಇನ್ನೊಂದನ್ನು ಅಳಿಸುವುದಲ್ಲ. ಇವೆರಡೂ ಒಂದೇ ಬಾಯಿಂದ ಹೇಗೆ ಹೊರಟವೆಂದು ತಿಳಿಯುವುದು.

ಇಬ್ರಿಯ 6:4-6

ಈ ಭಾಗದಲ್ಲಿ ಐದು ಕ್ರಿಯಾರೂಪಗಳು ಒಂದರ ಹಿಂದೊಂದು ಬರುತ್ತವೆ: ಬೆಳಕನ್ನು ಹೊಂದಿದವರು, ಪರಲೋಕದ ವರವನ್ನು ರುಚಿಸಿದವರು, ಪವಿತ್ರಾತ್ಮನಲ್ಲಿ ಪಾಲುಗಾರರಾದವರು, ದೇವರ ವಾಕ್ಯವನ್ನೂ ಮುಂದಣ ಯುಗದ ಶಕ್ತಿಯನ್ನೂ ರುಚಿಸಿದವರು, ಮತ್ತು ಬಿದ್ದುಹೋದವರು. ಇಂಥವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆಂದು ಲೇಖಕನು ಹೇಳುತ್ತಾನೆ.

ಇವರು ನಿಜವಾದ ವಿಶ್ವಾಸಿಗಳೇ ಅಲ್ಲ, ಬರಿದೇ ನಾಲಗೆಯ ತುದಿಯಲ್ಲಿ ರುಚಿ ನೋಡಿದವರು ಎಂದು ಕೆಲವರು ವ್ಯಾಖ್ಯಾನಿಸಿದ್ದಾರೆ. ಆದರೆ ‘ರುಚಿಸು’ ಎಂಬುದಕ್ಕೆ ಇಲ್ಲಿರುವ ಗ್ರೀಕ್ ಪದವೇ 2:9ರಲ್ಲಿ ಕ್ರಿಸ್ತನು ಎಲ್ಲರಿಗೋಸ್ಕರ ಮರಣವನ್ನು ಅನುಭವಿಸಿದ ವಿಷಯದಲ್ಲಿ ಬಂದಿದೆ. ಆತನು ಮರಣವನ್ನು ತುಟಿಗೆ ತಾಕಿಸಿ ಬಿಟ್ಟನೆಂದು ನಾವು ಹೇಳುವುದಿಲ್ಲ. ‘ಪಾಲುಗಾರರು’ ಎಂಬ ಪದವೂ 3:14ರಲ್ಲಿ ಕ್ರಿಸ್ತನಲ್ಲಿ ಪಾಲುಗಾರರಾದವರ ಕುರಿತು ಬಂದಿದೆ. ಆದ್ದರಿಂದ ಲೇಖಕನು ಸಭೆಯ ಹೊರಗಿನವರ ಅಥವಾ ಕಪಟಿಗಳ ವಿಷಯವಾಗಿ ಬರೆಯುತ್ತಿದ್ದಾನೆಂದು ಹೇಳಲು ಈ ಪದಗಳು ಎಡೆಗೊಡುವುದಿಲ್ಲ. ಆತನು ಸಭೆಯನ್ನು ಸಭೆಯೆಂದೇ ನೋಡಿ ಮಾತನಾಡುತ್ತಾನೆ.

‘ಬಿದ್ದುಹೋಗು’ ಎಂಬುದಕ್ಕೆ ಬಂದಿರುವ ‘ಪಾರಪಿಪ್ಟೋ’ ಎಂಬ ಪದವು ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಕಾಣುತ್ತದೆ. ಯೆಹೆಜ್ಕೇಲನ ಗ್ರಂಥದ ಪುರಾತನ ಗ್ರೀಕ್ ಅನುವಾದದಲ್ಲಿ (14:13, 15:8) ಅದು ದೇವರಿಗೆ ಜನಾಂಗವು ಎಸಗಿದ ದ್ರೋಹವನ್ನು ಸೂಚಿಸುತ್ತದೆ. ಇಲ್ಲಿಯೂ ಅರ್ಥವು ಅದೇ. ಶೋಧನೆಯಲ್ಲಿ ಕಾಲುಜಾರಿದ್ದಲ್ಲ, ಒಡಂಬಡಿಕೆಯನ್ನೇ ತಿರಸ್ಕರಿಸಿದ್ದು. ಹಿಂಸೆಯ ಬೇಸರದಿಂದ ಕ್ರಿಸ್ತನನ್ನು ಬಿಟ್ಟು ಹಿಂದಿನ ಆಶ್ರಯಕ್ಕೆ ಮರಳಲು ಯೋಚಿಸುತ್ತಿದ್ದವರಿಗೆ ಈ ಪತ್ರಿಕೆ ಬರೆಯಲ್ಪಟ್ಟಿತೆಂಬುದನ್ನು ಇಲ್ಲಿ ಮರೆಯಬಾರದು.

ಮೊದಲ ಐದು ಕ್ರಿಯಾರೂಪಗಳು ಮುಗಿದ ಕ್ರಿಯೆಯನ್ನು ತಿಳಿಸಿದರೆ, ಅವುಗಳ ಹಿಂದೆ ಬರುವ ಎರಡು, ಅಂದರೆ ದೇವಕುಮಾರನನ್ನು ತಿರಿಗಿ ಶಿಲುಬೆಗೆ ಹಾಕುವುದೂ ಬಹಿರಂಗವಾಗಿ ಅವಮಾನಪಡಿಸುವುದೂ, ವರ್ತಮಾನ ರೂಪದಲ್ಲಿವೆ. ಇದನ್ನು ಅವಲಂಬಿಸಿ, ಅವರು ಹಾಗೆ ಮಾಡುತ್ತಿರುವ ತನಕ ಮಾನಸಾಂತರ ಅಸಾಧ್ಯವೆಂದು ಕೆಲವರು ಅರ್ಥಮಾಡುತ್ತಾರೆ. ಹಾಗೆ ಮಾಡುತ್ತಿರುವ ಕಾರಣದಿಂದ ಅಸಾಧ್ಯವೆಂದು ಇತರರು. ವ್ಯಾಕರಣವು ಎರಡಕ್ಕೂ ಎಡೆಕೊಡುತ್ತದೆ. ಆದರೆ ಮೊದಲನೆಯದನ್ನು ಮಾತ್ರ ಹಿಡಿದರೆ ‘ಅಸಾಧ್ಯ’ ಎಂಬ ಮಾತಿನ ತೂಕ ಕಡಿಮೆಯಾಗುತ್ತದೆ. ಈ ಪದವು ಇದೇ ಪತ್ರಿಕೆಯಲ್ಲಿ ಇನ್ನೂ ಮೂರು ಸಲ ಬರುತ್ತದೆ: ದೇವರು ಸುಳ್ಳಾಡುವುದು ಅಸಾಧ್ಯ (6:18), ಪಶುಗಳ ರಕ್ತವು ಪಾಪವನ್ನು ತೊಲಗಿಸುವುದು ಅಸಾಧ್ಯ (10:4), ನಂಬಿಕೆಯಿಲ್ಲದೆ ದೇವರನ್ನು ಮೆಚ್ಚಿಸುವುದು ಅಸಾಧ್ಯ (11:6). ಈ ಮೂರನ್ನು ಒಟ್ಟಿಗೆ ನೋಡಿದರೆ ಆರನೆಯ ಅಧ್ಯಾಯದ ತರ್ಕವು ತಿಳಿಯುತ್ತದೆ. ಪಾಪಪರಿಹಾರಕ್ಕೆ ಕ್ರಿಸ್ತನ ಬಲಿಯೊಂದೇ ಇರುವಾಗ, ಆ ಬಲಿಯನ್ನೇ ತಳ್ಳಿಬಿಟ್ಟವನಿಗೆ ಬೇರೊಂದು ಬಲಿ ಉಳಿದಿಲ್ಲ. ಮರಳಿ ಬರುವವನನ್ನು ದೇವರು ನೂಕಿಬಿಡುತ್ತಾನೆಂದು ಲೇಖಕನು ಹೇಳುತ್ತಿಲ್ಲ; ಕ್ರಿಸ್ತನ ಹೊರಗೆ ಮರಳಿ ಬರುವ ಬೇರೆ ದಾರಿ ಇಲ್ಲವೆಂದು ಹೇಳುತ್ತಿದ್ದಾನೆ.

ಇದಾದ ಕೂಡಲೇ 6:9ರಲ್ಲಿ ಸ್ವರವು ಬದಲಾಗುತ್ತದೆ. ಪತ್ರಿಕೆಯಲ್ಲಿ ಓದುಗರನ್ನು ಪ್ರಿಯರೆಂದು ಕರೆಯುವುದು ಈ ಒಂದೇ ಸ್ಥಳದಲ್ಲಿ. ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ರಕ್ಷಣೆಗೆ ಸೇರಿದ ಉತ್ತಮವಾದವುಗಳನ್ನೇ ನಿರೀಕ್ಷಿಸುತ್ತೇವೆಂದು ಲೇಖಕನು ಬರೆಯುತ್ತಾನೆ. ಅಧ್ಯಾಯವು ದೇವರ ಆಣೆ ಮತ್ತು ಆತ್ಮದ ಲಂಗರು ಎಂಬ ಎರಡು ಮಾತುಗಳಿಂದ ಕೊನೆಗೊಳ್ಳುತ್ತದೆ. ನಾಲ್ಕರಿಂದ ಎಂಟರವರೆಗಿನ ವಚನಗಳನ್ನು ಓದಿ ಅಲ್ಲಿಗೇ ಸತ್ಯವೇದವನ್ನು ಮುಚ್ಚುವ ಬೋಧಕನು ಪತ್ರಿಕೆಯ ಅರ್ಧವನ್ನು ಮಾತ್ರ ಬೋಧಿಸಿದ್ದಾನೆ.

ಸಭೆಯು ಕಲಿತ ಪಾಠ

ಈ ವಚನಗಳು ಪಾಠಪುಸ್ತಕದಿಂದ ಹೊರಬಂದು ಬೀದಿಗಿಳಿದದ್ದು ಮೂರನೆಯ ಶತಮಾನದಲ್ಲಿ. 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಆಜ್ಞೆಯಂತೆ ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿಯರ್ಪಿಸಿ ಪ್ರಮಾಣಪತ್ರ ಪಡೆಯಬೇಕಾಯಿತು. ಅನೇಕ ಕ್ರೈಸ್ತರು ಬಲಿಯರ್ಪಿಸಿದರು. ಇನ್ನು ಕೆಲವರು ಬಲಿಯರ್ಪಿಸದೆ ಹಣ ಕೊಟ್ಟು ಪ್ರಮಾಣಪತ್ರವನ್ನು ಕೊಂಡುಕೊಂಡರು. ಹಿಂಸೆ ತಗ್ಗಿದ ಮೇಲೆ ಇವರೆಲ್ಲರೂ ಸಭೆಗೆ ಮರಳಲು ಬಯಸಿದರು. ರೋಮಾಪುರದಲ್ಲಿ ನೊವಾಟಿಯನ್ ಎಂಬ ಹಿರಿಯನು ಇವರಿಗೆ ಸಭೆಯಲ್ಲಿ ಕ್ಷಮೆ ಕೊಡಲಾಗದೆಂದು ನಿಂತು, 251ರಲ್ಲಿ ಬಿಷಪ್ ಕೊರ್ನೇಲಿಯಸನಿಗೆ ಪ್ರತಿಯಾಗಿ ತಾನೂ ಬಿಷಪನೆನಿಸಿಕೊಂಡನು. ಕಾರ್ಥೇಜಿನಲ್ಲಿ ಇದಕ್ಕೆ ತದ್ವಿರುದ್ಧವಾದ ಒತ್ತಾಯವಿತ್ತು: ಯಾವ ಪರೀಕ್ಷೆಯೂ ಇಲ್ಲದೆ ಎಲ್ಲರನ್ನೂ ಒಡನೆಯೇ ಸೇರಿಸಿಕೊಳ್ಳಬೇಕೆಂದು ಹಲವರು ಕೇಳಿದರು. ಬಿಷಪ್ ಸಿಪ್ರಿಯನನು ಎರಡನ್ನೂ ಒಪ್ಪಲಿಲ್ಲ. 251ರ ಕಾರ್ಥೇಜ್ ಸಭೆಯು ಪ್ರತಿಯೊಬ್ಬನ ಸಂಗತಿಯನ್ನು ಬೇರೆ ಬೇರೆಯಾಗಿ ವಿಚಾರಿಸಲು ನಿರ್ಣಯಿಸಿತು. ಪ್ರಮಾಣಪತ್ರ ಕೊಂಡವರನ್ನು ವಿಚಾರಣೆಯ ಬಳಿಕ ಸೇರಿಸಿಕೊಂಡಿತು. ಬಲಿಯರ್ಪಿಸಿದವರಿಗೆ ದೀರ್ಘ ಪಶ್ಚಾತ್ತಾಪವನ್ನು ವಿಧಿಸಿ, ಮರಣಕಾಲದಲ್ಲಿ ಸಮಾಧಾನವನ್ನು ಕೊಡುವುದಾಗಿ ಹೇಳಿತು. ಮತ್ತೊಂದು ಹಿಂಸೆಯು ಸಮೀಪಿಸಿದಾಗ ಪಶ್ಚಾತ್ತಾಪಪಡುತ್ತಿದ್ದವರೆಲ್ಲರನ್ನೂ ಕರ್ತನ ಮೇಜಿಗೆ ಕರೆದುಕೊಂಡಿತು. ಕರ್ತನ ಭೋಜನದಿಂದ ಬಲಹೊಂದದವರನ್ನು ಹೋರಾಟಕ್ಕೆ ಕಳುಹಿಸುವುದು ಹೇಗೆಂಬುದೇ ಅದರ ಚಿಂತೆಯಾಗಿತ್ತು.

ಕಠಿಣ ಪಕ್ಷದವರು ಇಬ್ರಿಯ 6ನ್ನು ತಮ್ಮ ಆಯುಧವಾಗಿ ಬಳಸಿದರು. ಅವರಿಗಿಂತ ಮೊದಲೇ ತೆರ್ತುಲ್ಲಿಯನನು ಬಾಪ್ತಿಸ್ಮದ ಬಳಿಕ ಮಾಡಿದ ಘೋರ ಪಾಪಕ್ಕೆ ಸಭೆಯಲ್ಲಿ ಕ್ಷಮೆಯಿಲ್ಲವೆಂದು ಸಾಧಿಸಲು ಈ ವಚನಗಳನ್ನು ಎತ್ತಿಕೊಂಡಿದ್ದನು. ನಾಲ್ಕನೆಯ ಶತಮಾನದ ಅಂಬ್ರೋಸನೂ ಕ್ರಿಸೊಸ್ತೊಮನೂ ಇದಕ್ಕೆ ಉತ್ತರವಾಗಿ, ಇಲ್ಲಿ ನಿಷೇಧಿಸಲ್ಪಟ್ಟದ್ದು ಪಶ್ಚಾತ್ತಾಪವಲ್ಲ, ಎರಡನೆಯ ಬಾಪ್ತಿಸ್ಮವೆಂದು ವಿವರಿಸಿದರು. ಆ ವ್ಯಾಖ್ಯಾನವು ವಚನದ ಮಾತುಗಳಿಗೆ ಪೂರ್ಣವಾಗಿ ಹೊಂದುವುದೋ ಇಲ್ಲವೋ ಎಂಬ ಪ್ರಶ್ನೆ ಉಳಿದರೂ, ಅದರ ಹಿಂದಿರುವ ಸಭಾಪಾಲಕನ ಬುದ್ಧಿಯು ಸರಿಯಾದದ್ದೇ. 325ರ ನಿಕೇಯ ಮಹಾಸಭೆಯು ತನ್ನ ಎಂಟನೆಯ ನಿಯಮದಲ್ಲಿ, ನೊವಾಟಿಯನನ ಪಕ್ಷದ ಬೋಧಕರು ಸಭೆಗೆ ಮರಳಬೇಕಾದರೆ, ಹಿಂಸೆಯಲ್ಲಿ ಬಿದ್ದು ಪಶ್ಚಾತ್ತಾಪಪಟ್ಟವರೊಡನೆ ಅನ್ಯೋನ್ಯತೆಯಲ್ಲಿರಲು ಬರವಣಿಗೆಯಲ್ಲಿ ಒಪ್ಪಬೇಕೆಂದು ವಿಧಿಸಿತು. ಬಿದ್ದವನಿಗೆ ಬಾಗಿಲು ಮುಚ್ಚುವುದು ಸಾರ್ವತ್ರಿಕ ಸಭೆಯ ನಂಬಿಕೆಯಲ್ಲವೆಂಬುದು ಅಂದಿನಿಂದ ತೀರ್ಮಾನವಾದ ವಿಷಯ.

ಅಗಸ್ಟೀನನಿಂದ ವೆಸ್ಲಿಯವರೆಗೆ

ಬಿದ್ದವನು ಏಳಬಹುದು, ಸರಿ. ಆದರೆ ಏಳದೆ ಹೋದವನ ಗತಿಯೇನು? ಉತ್ತರ ಆಫ್ರಿಕದ ಹಾದ್ರುಮೆತುಮಿನ ಸನ್ಯಾಸಿಗಳು ಅಗಸ್ಟೀನನನ್ನು ಇದಕ್ಕೆ ಹತ್ತಿರವಾದ ಪ್ರಶ್ನೆಯನ್ನು ಕೇಳಿದರು. ಕೊನೆಯವರೆಗೆ ತಾಳಿಕೊಳ್ಳುವುದು ದೇವರ ವರವೇ ಆದರೆ ತಪ್ಪು ಮಾಡಿದವನನ್ನು ಗದರಿಸುವುದೇಕೆ, ಅವನಿಗಾಗಿ ಪ್ರಾರ್ಥಿಸಿದರೆ ಸಾಲದೇ ಎಂಬುದು ಅವರ ಸಂದೇಹ. ಗದರಿಕೆಯೂ ದೇವರು ಬಳಸುವ ಔಷಧವೆಂದು ಅಗಸ್ಟೀನನು ಉತ್ತರಿಸಿದನು. ಬಾಪ್ತಿಸ್ಮ ಹೊಂದಿ ನೀತಿವಂತರಾಗಿ ಜೀವಿಸುತ್ತಿರುವವರಲ್ಲಿಯೂ ಕೆಲವರು ಬಿದ್ದುಹೋಗುತ್ತಾರೆ, ದೇವರಾದುಕೊಂಡವರಾದರೋ ತಾಳಿಕೊಳ್ಳುವ ವರವನ್ನು ಹೊಂದುತ್ತಾರೆ, ಈ ಇಬ್ಬರಲ್ಲಿ ತಾನು ಯಾರೆಂಬುದು ಜೀವಮಾನದಲ್ಲಿ ಯಾರಿಗೂ ನಿಶ್ಚಯವಾಗಿ ತಿಳಿಯದು: ಇದು ಅವನ ಬೋಧನೆ. ಹೀಗೆ ಅಗಸ್ಟೀನನಲ್ಲಿ ದೇವರ ಆಯ್ಕೆ ದೃಢ, ಆದರೆ ವಿಶ್ವಾಸಿಯ ಭರವಸೆ ದೃಢವಲ್ಲ.

ಮತಸುಧಾರಣೆಯ ಕಾಲದಲ್ಲಿ ಪ್ರಶ್ನೆಯು ಭರವಸೆಯ ಕಡೆಗೆ ತಿರುಗಿತು. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ ಹನ್ನೆರಡನೆಯ ವಿಧಿಯು ಗಮನಾರ್ಹ. ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರೆನ್ನುವವರನ್ನೂ, ಬಿದ್ದು ಪಶ್ಚಾತ್ತಾಪಪಟ್ಟವರಿಗೆ ಕ್ಷಮೆ ನಿರಾಕರಿಸಿದ ನೊವಾಟಿಯನರನ್ನೂ ಅದು ಒಂದೇ ವಿಧಿಯಲ್ಲಿ ಖಂಡಿಸುತ್ತದೆ. ಲೂಥರನ ಪಕ್ಷದವರಿಗೆ ಬೀಳುವಿಕೆಯೂ ನಿಜ, ಮರಳುವಿಕೆಯೂ ನಿಜ. 1547ರಲ್ಲಿ ಟ್ರೆಂಟ್ ಮಹಾಸಭೆಯು ಕೃಪೆಯು ಮಾರಕ ಪಾಪದಿಂದ ನಷ್ಟವಾಗುವುದೆಂದೂ, ವಿಶೇಷ ಪ್ರಕಟನೆಯಿಲ್ಲದೆ ಯಾರೂ ತಾನು ಕೊನೆಯವರೆಗೆ ತಾಳಿಕೊಳ್ಳುವೆನೆಂದು ಖಂಡಿತವಾಗಿ ಹೇಳಲಾರನೆಂದೂ ತೀರ್ಮಾನಿಸಿತು. ಕ್ಯಾಲ್ವಿನನು ಬೇರೆ ದಾರಿ ಹಿಡಿದನು. ನಿಜವಾದ ನಂಬಿಕೆಯು ದೇವರಾದುಕೊಂಡವರಿಗೇ ದೊರಕುವ ವರ, ಅದು ನಂದಿಹೋಗದು. ಇತರರಲ್ಲಿ ಕಾಣುವುದು ತಾತ್ಕಾಲಿಕ ನಂಬಿಕೆ. ನಮ್ಮ ಆಯ್ಕೆಯನ್ನು ನಮ್ಮೊಳಗೆ ಹುಡುಕದೆ ಕನ್ನಡಿಯಲ್ಲಿ ನೋಡುವಂತೆ ಕ್ರಿಸ್ತನಲ್ಲಿಯೇ ನೋಡಬೇಕೆಂದು ಅವನು ಕಲಿಸಿದನು.

ಅರ್ಮಿನಿಯಸನು 1609ರಲ್ಲಿ ತೀರಿಕೊಂಡ ಮೇಲೆ ಅವನ ಅನುಯಾಯಿಗಳು 1610ರಲ್ಲಿ ಐದು ವಿಧಿಗಳನ್ನು ಮುಂದಿಟ್ಟರು. ಅವುಗಳಲ್ಲಿ ಐದನೆಯದು, ವಿಶ್ವಾಸಿಯು ಕೃಪೆಯಿಂದ ಬೀಳಬಲ್ಲನೋ ಎಂಬುದನ್ನು ಸತ್ಯವೇದದಿಂದ ಇನ್ನೂ ಪರಿಶೋಧಿಸಬೇಕೆಂದು ಹೇಳಿ ತೆರೆದಿಟ್ಟಿತು; ಬೀಳಬಲ್ಲನೆಂದು ಅವರು ಖಚಿತವಾಗಿ ಹೇಳಿದ್ದು ಬಳಿಕ. 1618–19ರ ಡಾರ್ಟ್ ಸಭೆಯು ಇದಕ್ಕೆ ಉತ್ತರ ಕೊಟ್ಟಿತು. ಆ ಉತ್ತರವನ್ನು ಈಗ ಜನಪ್ರಿಯವಾಗಿರುವ ‘ಒಮ್ಮೆ ರಕ್ಷಿಸಲ್ಪಟ್ಟವನು ಎಂದೆಂದಿಗೂ ರಕ್ಷಿಸಲ್ಪಟ್ಟವನೇ’ ಎಂಬ ಘೋಷವಾಕ್ಯದೊಡನೆ ಕೆಲವರು ಒಂದುಗೂಡಿಸುತ್ತಾರೆ; ಇದು ಸರಿಯಲ್ಲ. ದಾವೀದನಂತೆಯೂ ಪೇತ್ರನಂತೆಯೂ ವಿಶ್ವಾಸಿಗಳು ಭೀಕರವಾಗಿ ಬೀಳುತ್ತಾರೆ, ಪವಿತ್ರಾತ್ಮನನ್ನು ದುಃಖಪಡಿಸುತ್ತಾರೆ, ಕೃಪೆಯ ಅನುಭವವನ್ನು ಕೆಲವು ಕಾಲ ಕಳೆದುಕೊಳ್ಳುತ್ತಾರೆಂದು ಡಾರ್ಟ್ ಒಪ್ಪುತ್ತದೆ; ಆದರೆ ದೇವರು ತನ್ನವರನ್ನು ಮಾನಸಾಂತರದ ಮೂಲಕ ಮತ್ತೆ ಎಬ್ಬಿಸುತ್ತಾನೆಂದು ಹೇಳುತ್ತದೆ; ವಾಕ್ಯದ ಬುದ್ಧಿವಾದ, ಬೆದರಿಕೆ, ವಾಗ್ದಾನ, ಸಂಸ್ಕಾರ ಇವುಗಳ ಮೂಲಕವೇ ಆತನು ಇದನ್ನು ನಡಿಸುತ್ತಾನೆಂದು ಸೇರಿಸುತ್ತದೆ. ಒಂದು ದಿನ ಕೈಯೆತ್ತಿದ್ದೇ ಸಾಕು, ಆಮೇಲೆ ಹೇಗೆ ನಡೆದರೂ ಚಿಂತೆಯಿಲ್ಲ ಎಂಬ ಬೋಧನೆಗೆ ಅಲ್ಲಿ ಸ್ಥಳವಿಲ್ಲ.

ಜಾನ್ ವೆಸ್ಲಿಯು 1751ರಲ್ಲಿ ಈ ವಿಷಯದ ಮೇಲೆ ಬರೆದ ಪ್ರಬಂಧದಲ್ಲಿ, ನಿಜವಾದ ವಿಶ್ವಾಸಿಯು ಕೊನೆಗೆ ನಾಶವಾಗುವಂತೆ ಬೀಳಬಹುದೆಂದು ವಾದಿಸಿದನು. ಆದರೆ ಅದೇ ವೆಸ್ಲಿಯು ಹಿಂಜಾರಿದವರನ್ನು ಕರೆಯುವ ತನ್ನ ಪ್ರಸಂಗದಲ್ಲಿ, ಇಬ್ರಿಯ 6ನ್ನು ಓದಿ ಹತಾಶರಾದವರನ್ನು ಉದ್ದೇಶಿಸಿ, ಬಿದ್ದು ಮರಳಿ ಬಂದವರು ಅನೇಕರುಂಟೆಂದು ಸಾಕ್ಷಿ ಹೇಳಿದನು. ಅವನನ್ನು ಭಯದ ಬೋಧಕನೆಂದು ಚಿತ್ರಿಸುವುದೂ ನ್ಯಾಯವಲ್ಲ.

ಈ ವಾದವು ಕರ್ನಾಟಕದ ಸಭೆಗಳಿಗೆ ಪರದೇಶದ ಜಗಳವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮೈಸೂರು ಸಂಸ್ಥಾನದಲ್ಲಿ ದುಡಿದ ವೆಸ್ಲಿಯನ್ ಮಿಷನ್ ಇವು ಬೇರೆ ಬೇರೆ ಉತ್ತರಗಳನ್ನು ತಂದವು. ಬಾಸೆಲ್ ಮಿಷನ್ ಒಂದರಲ್ಲಿಯೇ ಲೂಥರನ ಮತ್ತು ಸ್ವಿಸ್ ಸುಧಾರಣೆಯ ಪರಂಪರೆಗಳೆರಡೂ ಇದ್ದವು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ರೂಪುಗೊಂಡಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಒಂದೇ ಮೇಜಿನ ಸುತ್ತ ಕೂತರು. ಡಾರ್ಟನ್ನಾಗಲಿ ವೆಸ್ಲಿಯನ್ನಾಗಲಿ ಬಿಟ್ಟುಕೊಡಬೇಕೆಂದು ಅಂದು ಯಾರನ್ನೂ ಕೇಳಲಿಲ್ಲ. ಆದುದರಿಂದ ಒಂದೇ ಪ್ರಸಂಗಪೀಠದಿಂದ ಒಂದು ಭಾನುವಾರ ಒಂದು ಉತ್ತರವನ್ನೂ ಮುಂದಿನ ಭಾನುವಾರ ಬೇರೊಂದನ್ನೂ ನಮ್ಮ ಜನರು ಕೇಳುವುದುಂಟು.

ನಮ್ಮ ವಿವೇಚನೆ

ಎರಡು ಪಕ್ಷಗಳಿಗೂ ಎಲ್ಲಿ ಭೇದವಿದೆ, ಎಲ್ಲಿ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕ್ರಿಸ್ತನನ್ನು ತಳ್ಳಿ ಆ ತಳ್ಳುವಿಕೆಯಲ್ಲಿಯೇ ಕೊನೆಯವರೆಗೆ ನಿಂತವನಿಗೆ ರಕ್ಷಣೆಯ ಭರವಸೆ ಕೊಡಲು ಇಬ್ಬರಿಗೂ ಅಧಿಕಾರವಿಲ್ಲ. ಇಂದು ಕ್ರಿಸ್ತನನ್ನು ಹುಡುಕುವವನನ್ನು ನಿರಾಕರಿಸಲು ಕೂಡ ಇಬ್ಬರಿಗೂ ಅಧಿಕಾರವಿಲ್ಲ. ಭೇದವಿರುವುದು ಎರಡು ಕಡೆ. ಕಡೆಗೂ ಮರಳದೆ ಹೋದವನ ವಿಷಯದಲ್ಲಿ ಒಬ್ಬರು 1 ಯೋಹಾನ 2:19ನ್ನು ಆಧರಿಸಿ ಅವನು ಎಂದೂ ನಮ್ಮವನಾಗಿರಲಿಲ್ಲವೆನ್ನುತ್ತಾರೆ, ಇನ್ನೊಬ್ಬರು ಇದ್ದು ಬಿದ್ದನೆನ್ನುತ್ತಾರೆ. ಎರಡನೆಯದಾಗಿ, ನನ್ನ ಭರವಸೆಯು ನಾಳೆಯನ್ನೂ ಒಳಗೊಳ್ಳುತ್ತದೆಂದು ಒಬ್ಬರು, ಇಂದಿಗೆ ಮಾತ್ರ ಸಲ್ಲುತ್ತದೆಂದು ಇನ್ನೊಬ್ಬರು ಹೇಳುತ್ತಾರೆ. ಈ ಎರಡನೆಯ ಭೇದವು ಸಣ್ಣದಲ್ಲ.

ಪ್ರತಿಯೊಂದು ಉತ್ತರಕ್ಕೂ ಅದರದೇ ಆದ ಅಪಾಯವಿದೆ. ಬಿದ್ದವನು ಎಂದೂ ವಿಶ್ವಾಸಿಯಾಗಿರಲಿಲ್ಲವೆಂದು ಹೇಳುವಾಗ, ಅವನಂತೆಯೇ ಹಾಡಿ, ಪ್ರಾರ್ಥಿಸಿ, ಕಣ್ಣೀರಿಟ್ಟ ನನ್ನ ನಂಬಿಕೆಯು ನಿಜವೆಂದು ನನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಏಳುತ್ತದೆ; ಹೊರಗಿನಿಂದ ಬಂದ ಭಯವನ್ನು ಓಡಿಸಿ ಒಳಗಿನಿಂದ ಬರುವ ಭಯಕ್ಕೆ ಬಾಗಿಲು ತೆರೆದಂತಾಗುತ್ತದೆ. ವಿಶ್ವಾಸಿಯು ಬೀಳಬಹುದೆಂದು ಮಾತ್ರ ಹೇಳುವಾಗ, ಎಲ್ಲವೂ ನನ್ನ ಮನಸ್ಸಿನ ಬಲದ ಮೇಲೆ ನಿಂತಿತು ಎಂಬ ಭಾರವು ಬಲಹೀನನ ಹೆಗಲೇರುತ್ತದೆ. ಎರಡು ಅಪಾಯಗಳಿಗೂ ಮೂಲವು ಒಂದೇ: ಭರವಸೆಯನ್ನು ನಮ್ಮಲ್ಲಿ ಹುಡುಕುವುದು.

ಇಬ್ರಿಯರಿಗೆ ಬರೆದ ಪತ್ರಿಕೆಯು ಅದನ್ನು ಬೇರೆಡೆಯಲ್ಲಿ ಇಡುತ್ತದೆ. 7:25ರ ಪ್ರಕಾರ ಮಹಾಯಾಜಕನು ತನ್ನ ಮೂಲಕ ದೇವರ ಬಳಿಗೆ ಬರುವವರಿಗೋಸ್ಕರ ವಿಜ್ಞಾಪನೆ ಮಾಡಲು ಯಾವಾಗಲೂ ಬದುಕಿದ್ದಾನೆ. ಲೂಕ 22:31-34 ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. ಪೇತ್ರನು ಬೀಳುವನೆಂದು ಕರ್ತನಿಗೆ ಗೊತ್ತಿತ್ತು. ನಿನ್ನ ನಂಬಿಕೆ ಕುಂದಿಹೋಗದಂತೆ ಬೇಡಿಕೊಂಡಿದ್ದೇನೆಂದು ಬೀಳುವ ಮೊದಲೇ ಹೇಳಿದನು. ತಿರುಗಿಕೊಂಡ ಮೇಲೆ ಮಾಡಬೇಕಾದ ಕೆಲಸವನ್ನೂ ಆಗಲೇ ವಹಿಸಿದನು. ಪೇತ್ರನ ಧೈರ್ಯವು ಆ ರಾತ್ರಿಯನ್ನು ದಾಟಲಿಲ್ಲ. ಅವನನ್ನು ದಾಟಿಸಿದ್ದು ಬೇರೊಬ್ಬನ ಪ್ರಾರ್ಥನೆ.

ಹಾಗಾದರೆ ಎಚ್ಚರಿಕೆಗಳೇಕೆ? ಅಪೊಸ್ತಲರ ಕೃತ್ಯಗಳು 27ರಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಯಾರ ಪ್ರಾಣವೂ ನಷ್ಟವಾಗದೆಂದು ದೇವದೂತನ ಮಾತಿನ ಮೇರೆಗೆ ಪೌಲನು 22ರಿಂದ 24ನೆಯ ವಚನಗಳಲ್ಲಿ ಹೇಳುತ್ತಾನೆ. 31ನೆಯ ವಚನದಲ್ಲಿ ಅದೇ ಪೌಲನು, ಈ ನಾವಿಕರು ಹಡಗಿನಲ್ಲಿ ನಿಲ್ಲದೆ ಹೋದರೆ ನಿಮಗೆ ಉಳಿವಿಲ್ಲವೆಂದು ಶತಾಧಿಪತಿಗೆ ಹೇಳುತ್ತಾನೆ. ವಾಗ್ದಾನವು ಎಚ್ಚರಿಕೆಯನ್ನು ಸುಳ್ಳು ಮಾಡಲಿಲ್ಲ. ಎಚ್ಚರಿಕೆಯು ವಾಗ್ದಾನವನ್ನು ಸಂದೇಹಕ್ಕೀಡು ಮಾಡಲಿಲ್ಲ. ಸಿಪಾಯಿಗಳು ಆ ಮಾತನ್ನು ಕೇಳಿ ದೋಣಿಯ ಹಗ್ಗಗಳನ್ನು ಕತ್ತರಿಸಿದರು. ಹೀಗೆ ಎಚ್ಚರಿಕೆಯ ಮೂಲಕವೇ ವಾಗ್ದಾನವು ನೆರವೇರಿತು. ದೇವರು ತನ್ನ ಜನರನ್ನು ಕಲ್ಲುಗಳಂತೆ ಕಾಯದೆ, ಕೇಳಿ ನಡುಗಿ ತಿರುಗಿಕೊಳ್ಳಬಲ್ಲ ಮಕ್ಕಳಂತೆ ಕಾಯುತ್ತಾನೆ. ಇಬ್ರಿಯ 6ನ್ನು ನಾವು ಹೀಗೆಯೇ ಓದಬೇಕೆಂದು ಎಣಿಸುತ್ತೇವೆ. ಅದು ತೋರಿಸುವ ಪ್ರಪಾತವು ನಿಜವಾದದ್ದು; ಅದನ್ನು ತೋರಿಸುವುದು ನಮ್ಮನ್ನು ಅಲ್ಲಿಂದ ಈಚೆಗೆ ಎಳೆದುಕೊಳ್ಳುವುದಕ್ಕಾಗಿಯೇ.

ಸಭಾಪಾಲನೆಗೆ ಸಂಬಂಧಿಸಿದ ಮಾತುಗಳು

ಪೀಠಿಕೆಯಲ್ಲಿ ಹೇಳಿದ ನಾಲ್ವರ ಕಡೆಗೆ ಈಗ ತಿರುಗೋಣ. ಕ್ಷಮೆಯಿಲ್ಲದ ಪಾಪಕ್ಕಾಗಿ ನಡುಗುವವಳಿಗೆ ಮಾರ್ಕ 3:28-30ರ ಸಂದರ್ಭವನ್ನು ವಿವರಿಸಬೇಕು. ಯೇಸುವಿನಲ್ಲಿ ಕೆಲಸ ಮಾಡುತ್ತಿದ್ದ ದೇವರಾತ್ಮನನ್ನು ಕಣ್ಣಾರೆ ಕಂಡು ದೆವ್ವವೆಂದು ಕರೆದ ಶಾಸ್ತ್ರಿಗಳಿಗೆ ಆ ಮಾತು ಹೇಳಲ್ಪಟ್ಟಿತು, ಅವರಲ್ಲಿ ನಡುಕವಿರಲಿಲ್ಲ. ಕ್ರಿಸ್ತನನ್ನು ಕಳೆದುಕೊಂಡೆನೋ ಎಂದು ಅಳುವವಳು ಆತನನ್ನು ತಿರಸ್ಕರಿಸಿದವಳಲ್ಲ. ಅವಳ ಮುಂದೆ ಇಬ್ರಿಯ 6:4-6ನ್ನಲ್ಲ, ಯೋಹಾನ 6:37ನ್ನು ಓದಬೇಕು. ನಡುಗುವವರಿಗೆ ಬೆದರಿಕೆಯನ್ನೂ ಮೈಮರೆತವರಿಗೆ ವಾಗ್ದಾನವನ್ನೂ ಅದಲುಬದಲಾಗಿ ಹಂಚುವ ಬೋಧಕನು ಎರಡೂ ಕಡೆ ಗಾಯ ಮಾಡುತ್ತಾನೆ.

ವರ್ಷವರ್ಷವೂ ಮುಂದೆ ಬರುವ ಯುವಕನಿಗೆ ಅವನ ಬಾಪ್ತಿಸ್ಮವನ್ನು ಜ್ಞಾಪಿಸಬೇಕು. ಪಶ್ಚಾತ್ತಾಪವು ಪ್ರತಿದಿನದ ಕೆಲಸ. ಆದರೆ ಪ್ರತಿಯೊಂದು ಪಶ್ಚಾತ್ತಾಪವೂ ಹೊಸ ಆರಂಭವಲ್ಲ. ತಂದೆಯ ಮನೆಯೊಳಗೆ ತಪ್ಪು ಒಪ್ಪಿಕೊಳ್ಳುವ ಮಗನು ಪ್ರತಿಸಲವೂ ಹೊಸದಾಗಿ ದತ್ತು ಪಡೆಯಬೇಕಾಗಿಲ್ಲ. ಭಾವನೆಯ ಏರಿಳಿತವನ್ನು ರಕ್ಷಣೆಯ ಏರಿಳಿತವೆಂದು ಎಣಿಸುವ ಅಭ್ಯಾಸವನ್ನು ನಮ್ಮ ಕೂಟಗಳೇ ಬೆಳೆಸುತ್ತಿದ್ದರೆ, ಅದನ್ನು ತಿದ್ದುವ ಹೊಣೆ ನಮ್ಮದು.

ಹತ್ತು ವರ್ಷಗಳ ಬಳಿಕ ಬಾಗಿಲಲ್ಲಿ ನಿಂತ ಕುಟುಂಬಕ್ಕೆ ಕಾರ್ಥೇಜಿನ ವಿವೇಕ ಬೇಕು. ಅವರನ್ನು ಮತ್ತೆ ಬಾಪ್ತಿಸ್ಮಕ್ಕೆ ನಡಿಸುವುದು ಸಲ್ಲದು, ಅವರು ಮೊದಲು ಹೊಂದಿದ್ದು ದೇವರ ಕಾರ್ಯವೇ ಆಗಿದ್ದರಿಂದ. ಏನೂ ಆಗಿಲ್ಲವೆಂಬಂತೆ ನಡೆದುಕೊಳ್ಳುವುದೂ ಸಲ್ಲದು, ತೊರೆದದ್ದು ಹಗುರವಾದ ಸಂಗತಿಯಲ್ಲದ್ದರಿಂದ. ಅವರ ಕಥೆಯನ್ನು ಪೂರ್ತಿಯಾಗಿ ಕೇಳಿ, ಒತ್ತಾಯಕ್ಕೆ ಮಣಿದದ್ದನ್ನೂ ಮನಸಾರೆ ತೊರೆದದ್ದನ್ನೂ ಬೇರ್ಪಡಿಸಿ ನೋಡಿ, ಪಾಪನಿವೇದನೆಗೆ ಸಮಯ ಕೊಟ್ಟು, ಕರ್ತನ ಮೇಜಿಗೆ ಕರೆತರಬೇಕು. ಅವರು ಹಿಂಸೆಪಟ್ಟ ವರ್ಷಗಳಲ್ಲಿ ಸಭೆಯು ಅವರ ಪಕ್ಕದಲ್ಲಿತ್ತೇ ಎಂಬುದನ್ನೂ ಸಭೆಯೇ ವಿಚಾರಿಸಿಕೊಳ್ಳಬೇಕು.

ಅಳುವ ತಂದೆಗೆ ಕೊಡುವ ಮಾತು ಎಲ್ಲಕ್ಕಿಂತ ಕಷ್ಟ. ಮಗನು ರಕ್ಷಿಸಲ್ಪಟ್ಟಿದ್ದಾನೆಂದು ತೀರ್ಪು ಹೇಳಲು ನಮಗೆ ಅಧಿಕಾರವಿಲ್ಲ; ನಾಶವಾದನೆಂದು ಹೇಳಲೂ ಇಲ್ಲ. ಆ ಕೊನೆಯ ಗಳಿಗೆಗಳಲ್ಲಿ ಏನು ನಡೆಯಿತೆಂಬುದು ಹೃದಯಗಳನ್ನು ಬಲ್ಲವನಿಗೆ ಮಾತ್ರ ಗೊತ್ತು. ಕಳೆದುಹೋದ ಕುರಿಯನ್ನು ಹುಡುಕುತ್ತಾ ಹೋದವನು ಎಂಥವನೆಂಬುದನ್ನು ನಾವು ಹೇಳಬಹುದು, ಹೇಳಲೇಬೇಕು. ಆ ಕುರುಬನಿಗೆ ಮಗನನ್ನು ಒಪ್ಪಿಸಿ ತಂದೆಯೊಡನೆ ಅಳುವುದು ಸಭಾಪಾಲಕರ ಕರ್ತವ್ಯ.

ಉಪಸಂಹಾರ

ವಿಶ್ವಾಸಿಯು ರಕ್ಷಣೆಯನ್ನು ಕಳೆದುಕೊಳ್ಳಬಲ್ಲನೇ ಎಂಬ ಪ್ರಶ್ನೆಗೆ, ಕುರುಬನ ಕೈಯಿಂದ ಕುರಿಯನ್ನು ಯಾರೂ ಕಸಿಯಲಾರರೆಂದು ನಾವು ಉತ್ತರಿಸುತ್ತೇವೆ; ಆ ಕೈಯನ್ನು ತಾತ್ಸಾರ ಮಾಡಬೇಡಿರೆಂದು ಅದೇ ಉಸಿರಿನಲ್ಲಿ ಎಚ್ಚರಿಸುತ್ತೇವೆ. ಕೊನೆಗೂ ಮರಳದವನ ವಿಷಯದಲ್ಲಿ ನಮ್ಮ ಪರಂಪರೆಗಳ ನಡುವಣ ಭೇದವು ಉಳಿಯುತ್ತದೆ. ಒಂದೇ ಸಭೆಯಲ್ಲಿದ್ದುಕೊಂಡೇ ಅದನ್ನು ಹೊತ್ತುಕೊಳ್ಳಲು ಸಾಧ್ಯವೆಂದು 1947ರಿಂದ ನಾವು ಕಲಿತಿದ್ದೇವೆ. ಇಬ್ರಿಯ 3:13ರಲ್ಲಿ, ಯಾರೂ ಪಾಪದಿಂದ ಮೋಸಹೋಗಿ ಕಠಿಣರಾಗದಂತೆ, ಈ ದಿನವೆಂಬುದು ಇರುವ ತನಕ ಒಬ್ಬರನ್ನೊಬ್ಬರು ಪ್ರತಿನಿತ್ಯವೂ ಎಚ್ಚರಿಸಿರಿ ಎಂಬ ಬುದ್ಧಿಮಾತಿದೆ. ಕಾಯುವವನು ದೇವರು, ಆದರೆ ಆತನು ಕಾಯುವುದು ಬಹುಮಟ್ಟಿಗೆ ಒಬ್ಬ ಸಹೋದರನ ಬಾಯಿಂದಲೂ ಒಬ್ಬ ಸಹೋದರಿಯ ಭೇಟಿಯಿಂದಲೂ. ಕಳೆದ ತಿಂಗಳು ಆರಾಧನೆಗೆ ಬಾರದೆ ಹೋದವರ ಹೆಸರುಗಳು ಸಭಾಪಾಲಕರಿಗೆ ಗೊತ್ತಿರುತ್ತವೆ. ಈ ಲೇಖನವನ್ನು ಓದಿ ಮುಗಿಸಿದವರು ಅವರ ಮನೆಗಳ ಕಡೆಗೆ ಹೆಜ್ಜೆ ಹಾಕಲಿ ಎಂಬುದು ನಮ್ಮ ವಿನಂತಿ.